ಹಳೆಯ ಕಪ್ಪು ಡಯಲ್ ಫೋನ್, ಹೊಸ ಫೈಬರ್ ಲೈನ್: ಗಂಗಾವತಿಯ ದಲಾಲಿ ಅಂಗಡಿಯಿಂದ

ಬೆಂಗಳೂರಿನ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯ ಕಪ್ಪು ಡಯಲ್ ಫೋನ್ ಹೇಗಿರುತ್ತದೆ ಎಂದು ವಿವರಿಸುವ ಅಗತ್ಯವಿಲ್ಲ, ಎಲ್ಲರೂ ನೋಡಿದ್ದೀರಿ. ನಾನು ಬರೆಯುತ್ತಿರುವುದು ಅದರ ಗಂಟೆಯ ಬಗ್ಗೆ ಮಾತ್ರ. ಗಂಗಾವತಿಯ ನಮ್ಮ ದಲಾಲಿ ಅಂಗಡಿಯಲ್ಲಿ ಅಪ್ಪನ ಕಾಲದಿಂದಲೂ ಇದೇ ಸೆಟ್ ಇದೆ. ಸುಗ್ಗಿಯಲ್ಲಿ ಹೊರಗೆ ಭತ್ತದ ಟ್ರ್ಯಾಕ್ಟರ್‌ಗಳ ಸಾಲು, ಒಳಗೆ ಫ್ಯಾನಿನ ಸದ್ದು, ನಡುವೆ ಹಮಾಲರ ಕೂಗಾಟ. ಆ ಗದ್ದಲದಲ್ಲಿ ಜೇಬಿನ ಮೊಬೈಲ್ ಎಷ್ಟು ಹಾಡಿದರೂ ಕೇಳುವುದಿಲ್ಲ. ಈ ಗಂಟೆ ಮಾತ್ರ ಅಂಗಳದ ಆಚೆ ತೂಕದ ಕಾಟಾದ ಹತ್ತಿರ ನಿಂತವನಿಗೂ ಕೇಳುತ್ತದೆ.

ಅಮಾವಾಸ್ಯೆಯ ದಿನ ಪೂಜೆ ಮುಗಿದ ಮೇಲೆ ಫೋನಿನ ತಳ ಬಿಚ್ಚುವುದು ನನ್ನ ರೂಢಿ. ಮೊದಲು ಲೈನಿನ ವೈರು ಕಳಚಬೇಕು. ಇಲ್ಲದಿದ್ದರೆ, ಆ ಹೊತ್ತಿಗೆ ಯಾರಾದರೂ ಕರೆ ಮಾಡಿದರೆ ಕೈಗೆ ಚುರುಕ್ಕೆಂದು ಹೊಡೆಯುತ್ತದೆ. ಒಳಗೆ ಲೋಹದ ಎರಡು ಬಟ್ಟಲು, ಅವುಗಳ ನಡುವೆ ಒಂದು ಪುಟ್ಟ ಬಡಿಗೆ, ಹಿಂದೆ ತಂತಿಯ ಸುರುಳಿಗಳು. ಬಟ್ಟಲುಗಳ ಮೇಲೆ ಕೂತ ತೌಡಿನ ಧೂಳನ್ನು ಪೇಂಟ್ ಬ್ರಷ್‌ನಿಂದ ಒರೆಸುತ್ತೇನೆ. ಬಟ್ಟಲಿನ ಸ್ಕ್ರೂ ತೂತು ನಟ್ಟನಡುವೆ ಇಲ್ಲ, ಬೇಕೆಂದೇ ಒಂದು ಬದಿಗೆ ಸರಿಸಿದ್ದಾರೆ. ಹೀಗಾಗಿ ಬಟ್ಟಲನ್ನು ತಿರುಗಿಸಿದರೆ ಬಡಿಗೆಗೂ ಅದಕ್ಕೂ ಇರುವ ಅಂತರ ಹೆಚ್ಚು ಕಡಿಮೆಯಾಗುತ್ತದೆ. ತೀರಾ ಹತ್ತಿರ ಬಂದರೆ ಕಟಕಟ ಎನ್ನುತ್ತದೆ, ದೂರವಾದರೆ ಸೊರಗುತ್ತದೆ. ಕೂದಲೆಳೆಯಷ್ಟು ಅತ್ತಿತ್ತ ಮಾಡುತ್ತಾ ಕೂರುವುದರಲ್ಲಿ ನನಗೊಂದು ಸುಖವಿದೆ. ಮನೆಯವರಿಗೆ ಅದು ಅರ್ಥವಾಗಿಲ್ಲ.

ತಾಮ್ರದ ಲೈನಿದ್ದಾಗ ಇದಕ್ಕೆ ಬೇಕಾದ ಶಕ್ತಿಯೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಮಾತಿಗೆ 48 ವೋಲ್ಟಿನ ನೇರ ವಿದ್ಯುತ್. ಗಂಟೆ ಬಾರಿಸಲು ಸುಮಾರು 75 ವೋಲ್ಟಿನ, ದಿಕ್ಕು ಬದಲಿಸುತ್ತಲೇ ಇರುವ ಪರ್ಯಾಯ ವಿದ್ಯುತ್, ಸೆಕೆಂಡಿಗೆ 25 ಆವರ್ತ. ಸೆಟ್ಟಿನೊಳಗಿನ ಕಂಡೆನ್ಸರ್ ನೇರ ವಿದ್ಯುತ್ತನ್ನು ತಡೆದು, ಪರ್ಯಾಯ ವಿದ್ಯುತ್ತನ್ನು ಮಾತ್ರ ಸುರುಳಿಗೆ ಬಿಡುತ್ತದೆ. ಒಂದೊಂದು ಆವರ್ತಕ್ಕೆ ಬಡಿಗೆ ಅತ್ತ ಒಂದು, ಇತ್ತ ಒಂದು ಏಟು ಹಾಕುತ್ತದೆ. ಸೆಕೆಂಡಿಗೆ ಐವತ್ತು ಏಟು. ನಾವು ರಿಸೀವರ್ ಎತ್ತಿದೊಡನೆ ನೇರ ವಿದ್ಯುತ್ ಹರಿಯತೊಡಗುತ್ತದೆ, ಅದನ್ನು ಗುರುತಿಸಿ ಎಕ್ಸ್‌ಚೇಂಜ್ ಗಂಟೆ ನಿಲ್ಲಿಸುತ್ತದೆ. ನಮ್ಮ ದೇಶದ ಲಯವೂ ಗೊತ್ತಾದದ್ದೇ: 0.4 ಸೆಕೆಂಡ್ ಬಾರಿಸು, 0.2 ಬಿಡು, ಮತ್ತೆ 0.4 ಬಾರಿಸು, 2 ಸೆಕೆಂಡ್ ಸುಮ್ಮನಿರು. ಅಂದಹಾಗೆ, ಕರೆ ಮಾಡಿದವರ ಕಿವಿಗೆ ಬೀಳುವುದು ಈ ಗಂಟೆಯಲ್ಲ, ಎಕ್ಸ್‌ಚೇಂಜ್ ಅವರಿಗಾಗಿಯೇ ಬೇರೆ ಕಳಿಸುವ ಸದ್ದು. ಎರಡೂ ಒಟ್ಟಿಗೆ ಶುರುವಾಗಲೇಬೇಕೆಂದಿಲ್ಲ. ಕಾರಟಗಿಯ ರೈತರು "ಮೂರು ಸಲ ಹೊಡೆಯಿತಲ್ಲ ಸಾಹುಕಾರರೇ, ಯಾಕೆ ಎತ್ತಲಿಲ್ಲ?" ಎಂದರೆ, "ಇಲ್ಲಿ ಎರಡೇ ಸಲ ಹೊಡೆದದ್ದು" ಎನ್ನುತ್ತಿದ್ದೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ಆಮೇಲೆ ತಾಮ್ರ ಹೋಗಿ ಫೈಬರ್ ಬಂತು. ನಂಬರ್ ಅದೇ ಉಳಿಯಿತು, ಗಂಟೆ ಕೆಟ್ಟಿತು. ಬೆಳಕು ಹರಿಯುವ ಎಳೆಯಲ್ಲಿ ಗಂಟೆಯ ವಿದ್ಯುತ್ ಬರುವುದಿಲ್ಲ. ಫೈಬರ್ ಬಂದು ಸೇರುವ, ಗೋಡೆಗೆ ಹೊಡೆದ ಪೆಟ್ಟಿಗೆಯೇ ಅದನ್ನು ಹುಟ್ಟಿಸಬೇಕು. ನಮ್ಮ ಪೆಟ್ಟಿಗೆ ಒಂದೇ ಉದ್ದನೆಯ ಟ್ರಿಣ್ ಎಂದು, ಆಮೇಲೆ ನಾಲ್ಕು ಸೆಕೆಂಡ್ ಮೌನ ವ್ರತ ಹಿಡಿಯುತ್ತಿತ್ತು. ಅದೂ ಕ್ಷೀಣ ಧ್ವನಿಯಲ್ಲಿ. ಜೋಡಿ ಗಂಟೆಗೆ ಒಗ್ಗಿದ ಕಿವಿಗೆ ಅದು ಫೋನ್ ಎಂದೇ ಅನಿಸುತ್ತಿರಲಿಲ್ಲ; ಪಕ್ಕದಲ್ಲೇ ಕೂತ ಮುನೀಮರೂ ಎತ್ತುತ್ತಿರಲಿಲ್ಲ. ದೂರು ಕೊಟ್ಟಾಗಲೆಲ್ಲ ಒಂದೇ ಉತ್ತರ: "ಹೊಸ ಫೋನ್ ತೆಗೆದುಕೊಳ್ಳಿ ಸರ್." ಧಾರಣೆ ಕೇಳಲು ಕರೆ ಮಾಡಿ ಉತ್ತರ ಸಿಗದ ರೈತ ಪಕ್ಕದ ಅಂಗಡಿಗೆ ಹೋದರೆ ನಷ್ಟ ಯಾರಿಗೆ?

ಬೇರೆ ಯಾವುದೋ ಕೆಲಸಕ್ಕೆ ಬಂದ ಹುಡುಗನೊಬ್ಬ ಲ್ಯಾಪ್‌ಟಾಪಿನಲ್ಲಿ ಪೆಟ್ಟಿಗೆಯ ಸೆಟ್ಟಿಂಗ್ ತೆರೆದು ನಕ್ಕ. "ಕಾಕಾ, ಇದರಲ್ಲಿ ಬೇರೆ ದೇಶದ ರಿಂಗ್ ಇಟ್ಟುಬಿಟ್ಟಿದ್ದಾರೆ." ಭಾರತ ಎಂದು ಬದಲಿಸಿದ ಕೂಡಲೇ ಜೋಡಿ ಗಂಟೆ ಮರಳಿತು. ಮಹಡಿಯ ಮನೆಯಲ್ಲಿ ಇದೇ ಲೈನಿಗೆ ಇನ್ನೊಂದು ಹಳೆಯ ಸೆಟ್ ಇರುವುದನ್ನೂ ಅವನೇ ಪತ್ತೆ ಹಚ್ಚಿದ. ಎರಡು ಗಂಟೆಗಳ ಭಾರವನ್ನು ಎಕ್ಸ್‌ಚೇಂಜ್ ಸಲೀಸಾಗಿ ಹೊರುತ್ತಿತ್ತು, ಈ ಪೆಟ್ಟಿಗೆಗೆ ಆಗುವುದಿಲ್ಲ. ಮಹಡಿಗೆ ಎಲೆಕ್ಟ್ರಾನಿಕ್ ಸೆಟ್ ಹಾಕಿದೆವು. ಅದರ ಪೀಪಿಗೆ ಹೆಚ್ಚು ವಿದ್ಯುತ್ ಬೇಡ. ಅಂಗಡಿಯ ಗಂಟೆ ಚೇತರಿಸಿಕೊಂಡಿತು. ಮೊದಲಿನ ಅಬ್ಬರ ಬಂದಿಲ್ಲ, ಆದರೆ ಕಾಟಾದವರೆಗೆ ಮುಟ್ಟುತ್ತದೆ.

ನನ್ನ ತಕರಾರು ಈಗ ಉಳಿದಿರುವುದು ಕರೆಂಟಿನ ಬಗ್ಗೆ. ಮೊದಲು ಊರೆಲ್ಲ ಕತ್ತಲಾದರೂ ಎಕ್ಸ್‌ಚೇಂಜಿನ ಬ್ಯಾಟರಿಯ ಬಲದಿಂದ ಫೋನ್ ಹೊಡೆಯುತ್ತಿತ್ತು. ಈಗ ಬೇಸಿಗೆಯಲ್ಲಿ ಕರೆಂಟ್ ಹೋದರೆ ಫೋನೂ ಹೋಯಿತು. ಪೆಟ್ಟಿಗೆಗೆಂದೇ ಸಣ್ಣ ಯುಪಿಎಸ್ ಒಂದನ್ನು ಕೈಯಿಂದ ಖರ್ಚು ಮಾಡಿ ಇಟ್ಟುಕೊಂಡಿದ್ದೇನೆ, ಗೊಣಗಿಕೊಂಡೇ.

ಈಗ ಈ ಸೆಟ್ಟಿನಿಂದ ಡಯಲ್ ಮಾಡಿ ಕರೆ ಮಾಡಲು ಆಗುವುದಿಲ್ಲ. ಏಳು ತಿರುಗಿಸಿದರೆ ಲೈನ್ ಏಳು ಸಲ ಕಡಿದು ಕೂಡುತ್ತದೆ, ನಮ್ಮ ಪೆಟ್ಟಿಗೆಗೆ ಆ ಎಣಿಕೆ ತಿಳಿಯದು. ಕರೆ ಮಾಡಲು ಮೊಬೈಲ್ ಇರುವುದರಿಂದ ನನಗೆ ಅದೊಂದು ಕೊರತೆಯಲ್ಲ. ಗುಜರಿಯಲ್ಲಿ ಇಂಥ ಸೆಟ್ ಕೊಳ್ಳುವವರು ಡಯಲ್ ತಿರುಗಿಸಿ ಖುಷಿಪಡುವ ಮೊದಲು ತಳ ಬಿಚ್ಚಿಸಿ ನೋಡಿ: ಬಟ್ಟಲು ಎರಡೂ ಇವೆಯೇ, ಬಡಿಗೆ ಸರಾಗವಾಗಿ ಆಡುತ್ತದೆಯೇ? ಇಲ್ಲದಿದ್ದರೆ ಅದು ಶೋಕೇಸಿನ ಸಾಮಾನು, ಅದರ ಬೆಲೆಯನ್ನಷ್ಟೇ ಕೊಡಿ.