ಆಪ್‌ನಲ್ಲಿ ಎಲ್ಲ ಹಸಿರು, ಕಾಲು ಮಾತ್ರ ನೆಟ್ಟಗಿಲ್ಲ

ಮಂಡಿ ಬದಲಿ ಆಪರೇಷನ್ ಆದಮೇಲೆ ವಿಡಿಯೋ ಕಾಲ್‌ನಲ್ಲಿ ಫಿಸಿಯೋ ಮಾಡಿಸಿಕೊಳ್ಳುವವರಲ್ಲಿ ಒಂದೇ ಎಡವಟ್ಟು ಮತ್ತೆ ಮತ್ತೆ ಆಗುತ್ತದೆ. ಆರನೇ ವಾರಕ್ಕೆ ಮಂಡಿ 100 ಡಿಗ್ರಿ ಮಡಚುತ್ತದೆ, ವ್ಯಾಯಾಮದ ಲೆಕ್ಕವಿಡುವ ಫೋನ್ ಆಪ್‌ನಲ್ಲಿ ದಿನದಿನವೂ ಹಸಿರು ಗುರುತು. ಎದ್ದು ನಿಂತರೆ ಕಾಲು 10–15 ಡಿಗ್ರಿ ಬಾಗಿಯೇ ಇರುತ್ತದೆ, ನಡಿಗೆ ಕುಂಟು.

ಮೊದಲ ತಪ್ಪು ಫೋನ್ ಇಡುವ ಜಾಗದ್ದು. ಎದುರಿನಿಂದ ನೋಡಿದರೆ 10 ಡಿಗ್ರಿ ಬಾಗಿದ ಮಂಡಿಯೂ ನೆಟ್ಟಗಿದ್ದಂತೆಯೇ ಕಾಣುತ್ತದೆ. ಫೋನನ್ನು ಹಾಸಿಗೆಯ ಎತ್ತರದಲ್ಲಿ, ಆಪರೇಷನ್ ಆದ ಕಾಲಿನ ಪಕ್ಕಕ್ಕೆ ಇಡಿ. ಸೊಂಟದ ಕೀಲು, ಮಂಡಿ, ಪಾದದ ಗಂಟು ಮೂರೂ ಪರದೆಯಲ್ಲಿರಲಿ. ಚಡ್ಡಿ ಹಾಕಿರಿ, ಸಡಿಲ ಪ್ಯಾಂಟ್ ಬೇಡ. ಥೆರಪಿಸ್ಟ್ ಪಕ್ಕದಿಂದ ತೋರಿಸಿ ಎಂದು ಒಮ್ಮೆಯೂ ಕೇಳದಿದ್ದರೆ ಬೇರೆಯವರನ್ನು ಹುಡುಕುವುದೇ ವಾಸಿ. ಹಲವು ಆಪ್‌ಗಳು ಇನ್ನೂ ಕಡೆ: ಹತ್ತು ಸಲ ಆಯಿತೇ ಎಂದಷ್ಟೇ ಎಣಿಸುತ್ತವೆ.

ಎರಡನೆಯದು ದಿಂಬು. ಊದಿಕೊಂಡ ಮಂಡಿ ಸ್ವಲ್ಪ ಬಾಗಿದ್ದಾಗ ಒಳಗಿನ ಒತ್ತಡ ಕಡಿಮೆ, ಹಾಗಾಗಿ ಕೆಳಗೆ ದಿಂಬಿಟ್ಟರೆ ಹಾಯೆನಿಸುತ್ತದೆ. ರಾತ್ರಿಯೆಲ್ಲ ಹಾಗೇ ಮಲಗಿದರೆ ಹಿಂಬದಿಯ ಅಂಗಾಂಶ ಆ ಬಾಗಿನಲ್ಲೇ ಗಟ್ಟಿಯಾಗುತ್ತದೆ. ಕ್ಯಾಮೆರಾಗೆ ರಾತ್ರಿ ಕಾಣುವುದಿಲ್ಲವಲ್ಲ! ದಿಂಬನ್ನು ತೆಗೆದು, ಸುತ್ತಿದ ಟವೆಲನ್ನು ಹಿಮ್ಮಡಿಯ ಕೆಳಗಿಡಿ. ಮಂಡಿಯ ಕೆಳಗೆ ಏನೂ ತಾಗಬಾರದು. 5 ನಿಮಿಷದಿಂದ ಶುರುಮಾಡಿ 10–15ಕ್ಕೆ ಏರಿಸಿ, ದಿನಕ್ಕೆ ಮೂರ್ನಾಲ್ಕು ಸಲ. ಜೊತೆಗೆ ಮಂಡಿಯನ್ನು ಹಾಸಿಗೆಗೆ ಒತ್ತಿ ತೊಡೆ ಬಿಗಿಹಿಡಿಯುವುದು: 5 ಸೆಕೆಂಡ್, 10 ಸಲ. ಊತ ಇದ್ದಷ್ಟೂ ತೊಡೆಯ ಸ್ನಾಯು ಮಾತು ಕೇಳುವುದಿಲ್ಲ, ಆದ್ದರಿಂದ ವ್ಯಾಯಾಮವಾದ ಮೇಲೆ ಬಟ್ಟೆ ಸುತ್ತಿದ ಐಸ್ 15–20 ನಿಮಿಷ. ಡಾಕ್ಟರ್ ಬರೆದ ನೋವಿನ ಮಾತ್ರೆಯನ್ನು ವಿಡಿಯೋ ಕಾಲ್‌ಗೆ ಅರ್ಧ–ಮುಕ್ಕಾಲು ಗಂಟೆ ಮುಂಚೆ ನುಂಗುವಂತೆ ಹೊಂದಿಸಿಕೊಳ್ಳಿ. ನಿಂತು ಮಾಡುವ ವ್ಯಾಯಾಮಕ್ಕೆ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಬೀಳುವವರನ್ನು ಪರದೆ ಹಿಡಿಯುವುದಿಲ್ಲ.

ಮೂರ್ನಾಲ್ಕು ವಾರವಾದರೂ ಮಂಡಿ ನೆಟ್ಟಗಾಗದಿದ್ದರೆ ಮುಂದಿನ ಕಾಲ್‌ಗೆ ಕಾಯದೆ ಕೈಯಿಂದ ಮುಟ್ಟಿ ನೋಡುವ ಥೆರಪಿಸ್ಟ್ ಅಥವಾ ಡಾಕ್ಟರ್ ಬಳಿ ಹೋಗಿ. ಮಂಡಿಚಿಪ್ಪನ್ನು ಅಲುಗಿಸಿ ಪರೀಕ್ಷಿಸುವುದು ವಿಡಿಯೋದಲ್ಲಿ ಆಗದ ಕೆಲಸ. ಮಡಚುವುದೂ ನಿಂತುಹೋದರೆ ಅರಿವಳಿಕೆ ಕೊಟ್ಟು ಮಂಡಿ ಬಗ್ಗಿಸುವ ದಾರಿ ಇದೆ, ಆದರೆ ಸಾಮಾನ್ಯವಾಗಿ ಮೊದಲ 12 ವಾರದೊಳಗೆ ಮಾಡಿದರಷ್ಟೇ ಅದರಿಂದ ಹೆಚ್ಚು ಫಲ.

ಮೀನಖಂಡದಲ್ಲಿ ಹೊಸದಾಗಿ ನೋವು, ಊತ, ಹೊಲಿಗೆಯಿಂದ ಸೋರುವಿಕೆ, ಜ್ವರ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಉಸಿರುಗಟ್ಟಿದರೆ, ಎದೆ ನೋವು ಬಂದರೆ ಆ ಕ್ಷಣವೇ ಆ್ಯಂಬುಲೆನ್ಸ್ ಕರೆಸಿ.