ಸೈಲೆನ್ಸರ್ ಬದಲಿಸದೆ ಸದ್ದು ನಿಲ್ಲಿಸಿದ ಗ್ಯಾರೇಜು: ಕಪನೂರು ಬಳಿಯ ಮಿಸ್ತ್ರಿ ಅಂಗಡಿಯ ಬಗ್ಗೆ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕಪನೂರು ಕೈಗಾರಿಕಾ ಪ್ರದೇಶದತ್ತ ಹೋಗುವಾಗ ಸಿಗುವ ಈ ಗ್ಯಾರೇಜಿಗೆ ಹೆಸರಿನ ಫಲಕವಿಲ್ಲ. ಪಿಕಪ್ ಚಾಲಕರು ಅದನ್ನು ‘ಸೈಲೆನ್ಸರ್ ಮಿಸ್ತ್ರಿ ಅಂಗಡಿ’ ಎಂದೇ ಗುರುತಿಸುತ್ತಾರೆ. ಶಹಾಬಾದ್ ಫರ್ಸಿ ಕಲ್ಲನ್ನೂ ತೊಗರಿ ಚೀಲಗಳನ್ನೂ ಹೊರುವ ನಮ್ಮ ಪಿಕಪ್‌ನ ಹೊಗೆ ಸೋರಿಕೆಯನ್ನು ಇಲ್ಲಿ ಸರಿಪಡಿಸಿಕೊಂಡ ಮೇಲೆ ಒಂದು ಪೂರ್ತಿ ಸುಗ್ಗಿ ಕಳೆದಿದೆ. ಆದ್ದರಿಂದ ಕೆಲಸ ಹೇಗೆ ನಡೆಯಿತು ಎಂಬುದರ ಜೊತೆಗೆ, ಅದು ಬಾಳಿಕೆ ಬಂದಿದೆಯೇ ಎಂಬುದನ್ನೂ ಹೇಳಬಹುದು. ಗಾಡಿ ಬಿಎಸ್4 (ಬಿಎಸ್6ಕ್ಕಿಂತ ಹಿಂದಿನ ಹೊಗೆ ನಿಯಮ) ಕಾಲದ್ದು. ನಾಲ್ಕು ಸಿಲಿಂಡರಿನ 2.5 ಲೀಟರ್ ಟರ್ಬೊ ಡೀಸೆಲ್ ಎಂಜಿನ್.

ತೊಂದರೆಯ ಲಕ್ಷಣ ಹೀಗಿತ್ತು: ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದ ಕೂಡಲೇ ಟಕ್ ಟಕ್ ಎಂಬ ಒಣ ಸದ್ದು ಬರುತ್ತಿತ್ತು, ಆಕ್ಸಿಲರೇಟರ್ ಒತ್ತಿದಷ್ಟೂ ಅದರ ವೇಗ ಹೆಚ್ಚುತ್ತಿತ್ತು, ಎಂಜಿನ್ ಕಾದ ಮೇಲೆ ಬಹುತೇಕ ಅಡಗುತ್ತಿತ್ತು. ಭಾರ ಹೇರಿಕೊಂಡು ಏರು ಹತ್ತುವಾಗ ಎಳೆತ ಕಡಿಮೆಯಾಗಿ ಕಪ್ಪು ಹೊಗೆ ಬರುತ್ತಿತ್ತು; ಕ್ಯಾಬಿನ್ನಿನೊಳಗೆ ಸುಟ್ಟ ಡೀಸೆಲ್ ವಾಸನೆಯೂ ಇತ್ತು. ಇದಕ್ಕೂ ಮುಂಚೆ ತೋರಿಸಿದ ಇನ್ನೊಂದು ಕಡೆಯಲ್ಲಿ ಗಾಡಿಯ ಕೆಳಗೆ ಬಗ್ಗಿಯೂ ನೋಡದೆ ‘ಸೈಲೆನ್ಸರ್ ಪೂರ್ತಿ ಬದಲಿಸಬೇಕು’ ಎಂದಿದ್ದರು. ಈ ಅಂಗಡಿಯ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ: ಸೋರಿಕೆ ಎಲ್ಲಿದೆ, ಏಕೆ ಆಯಿತು ಎಂದು ಖಚಿತವಾಗುವ ತನಕ ಇವರು ಸ್ಪ್ಯಾನರ್ ಹಿಡಿಯುವುದಿಲ್ಲ.

ಪತ್ತೆಯ ಕೆಲಸವನ್ನು ಎಂಜಿನ್ ತಣ್ಣಗಿರುವಾಗಲೇ ಮಾಡಿದರು. ಸಿಲಿಂಡರುಗಳ ಹೊಗೆಯನ್ನು ಒಂದೆಡೆ ಕೂಡಿಸುವ ಎರಕದ ಕಬ್ಬಿಣದ ಮ್ಯಾನಿಫೋಲ್ಡ್ ಕಾದು ಹಿಗ್ಗಿದಾಗ ಸಣ್ಣ ಸಂದುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಆಗ ಸದ್ದೂ ಇರುವುದಿಲ್ಲ, ಸುಳಿವೂ ಸಿಗುವುದಿಲ್ಲ. ಮಿಸ್ತ್ರಿ ಮೊದಲು ಒಂದು ರಬ್ಬರ್ ಪೈಪಿನ ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಮ್ಯಾನಿಫೋಲ್ಡ್, ಟರ್ಬೊ, ಅದರ ಕೆಳಗಿನ ಫ್ಲ್ಯಾಂಜ್‌ಗಳ ಉದ್ದಕ್ಕೂ ಆಡಿಸಿದರು. ಇಂತಹ ಸದ್ದು ವಾಲ್ವ್ ಒತ್ತುವ ಟ್ಯಾಪೆಟ್ಟಿನದೂ ಇರಬಹುದು, ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ಬುಡದ ತಾಮ್ರದ ವಾಷರ್ ಹೋಗಿದ್ದರಿಂದಲೂ ಬರಬಹುದು. ಇಂಜೆಕ್ಟರಿನದಾಗಿದ್ದರೆ ಅದರ ಸುತ್ತ ಡಾಂಬರಿನಂತಹ ಕಪ್ಪು ಕಿಟ್ಟ ಕಟ್ಟಿರುತ್ತದೆ. ನಮ್ಮ ಗಾಡಿಯಲ್ಲಿ ಅದು ಇರಲಿಲ್ಲ. ಆಮೇಲೆ ಎಂಜಿನ್ ನಿಲ್ಲಿಸಿ, ಹಿಂದಿನ ಪೈಪಿನ ಬಾಯಿಗೆ ಬಟ್ಟೆ ಸುತ್ತಿದ ಬ್ಲೋವರ್ ಇಟ್ಟು ಗಾಳಿ ಊದಿಸಿ, ಜೋಡಣೆಗಳ ಮೇಲೆಲ್ಲ ಸೋಪಿನ ನೀರು ಸಿಂಪಡಿಸಿದರು. ಕ್ಯಾಬಿನ್ ಕಡೆಯ ಕೊನೆಯ ಸಿಲಿಂಡರಿನ ಬಳಿ, ಮ್ಯಾನಿಫೋಲ್ಡ್ ಮತ್ತು ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ನಡುವೆ, ಸಂದು ಮುಚ್ಚುವ ಪ್ಯಾಕಿಂಗ್ ಇರುವಲ್ಲಿ, ಗುಳ್ಳೆಗಳು ಎದ್ದವು. ಹೀಟ್ ಶೀಲ್ಡ್ ಬಿಚ್ಚಿ ನೋಡಿದಾಗ ಅದೇ ಜಾಗದಲ್ಲಿ ಮಸಿಯ ಗೆರೆಯೂ ಇತ್ತು, ಮ್ಯಾನಿಫೋಲ್ಡನ್ನು ಹೆಡ್ಡಿಗೆ ಬಿಗಿಯುವ ಒಂದು ಸ್ಟಡ್ (ತಲೆಯಿಲ್ಲದ ಬೋಲ್ಟ್) ತುಂಡಾಗಿಯೂ ಇತ್ತು. ‘ಪ್ಯಾಕಿಂಗ್ ಹೋಗ್ಯಾದ, ಖರೆ. ಆದ್ರ ಸ್ಟಡ್ ಯಾಕ ಮುರೀತು ಅಂತ ನೋಡಬೇಕಲ್ರಿ,’ ಎಂದು ಅವರು ಗಾಡಿಯ ಕೆಳಗೆ ಇಳಿದರು.

ಕೆಳಗೆ ಸೈಲೆನ್ಸರನ್ನು ಚಾಸಿಸ್ಸಿಗೆ ತೂಗುಹಾಕುವ ರಬ್ಬರ್ ಹ್ಯಾಂಗರ್ ಹರಿದುಹೋಗಿತ್ತು. ಎಂಜಿನ್ನನ್ನು ಹೊತ್ತಿರುವ ರಬ್ಬರ್ ಮೌಂಟ್ ಒಂದು ಕುಸಿದಿತ್ತು. ಟರ್ಬೊ ಕೂತಿರುವುದು ಮ್ಯಾನಿಫೋಲ್ಡ್ ಮೇಲೆ, ಪೈಪು ಜೋತಿರುವುದು ಟರ್ಬೊಗೆ. ಹ್ಯಾಂಗರ್ ಇಲ್ಲದಿದ್ದರೆ ಪ್ರತಿ ರೋಡ್ ಹಂಪಿನ ಹೊಡೆತವೂ ನೇರವಾಗಿ ಮ್ಯಾನಿಫೋಲ್ಡಿನ ಸ್ಟಡ್‌ಗಳಿಗೇ ಬೀಳುತ್ತದೆ. ಕಾದು ತಣಿಯುವಾಗಿನ ಹಿಗ್ಗು-ಕುಗ್ಗು ಅತಿ ಹೆಚ್ಚಾಗಿರುವುದು ಮ್ಯಾನಿಫೋಲ್ಡಿನ ಎರಡು ತುದಿಗಳಲ್ಲಿ. ಆದ್ದರಿಂದ ಮೊದಲು ಮುರಿಯುವುದೂ ತುದಿಯ ಸ್ಟಡ್‌ಗಳೇ. ಎಳೆತ ಕಡಿಮೆಯಾದದ್ದಕ್ಕೂ ಕಾರಣ ಇದೇ ಆಗಿತ್ತು. ಟರ್ಬೊವನ್ನು ತಿರುಗಿಸಬೇಕಾದ ಬಿಸಿ ಅನಿಲ ಅದಕ್ಕೂ ಮುಂಚೆಯೇ ಸೋರಿಹೋದರೆ ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಕುಗ್ಗುತ್ತದೆ, ಡೀಸೆಲ್ ಪೂರ್ತಿ ಉರಿಯದೆ ಕಪ್ಪು ಹೊಗೆಯಾಗುತ್ತದೆ. ಹೊಸ ಸೈಲೆನ್ಸರ್ ಹಾಕಿಸಿದ್ದರೆ ಇದರಲ್ಲಿ ಒಂದೂ ಸರಿಹೋಗುತ್ತಿರಲಿಲ್ಲ.

ದುರಸ್ತಿಯಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಮುರಿದ ಸ್ಟಡ್ಡನ್ನು ಹೊರತೆಗೆಯುವುದಕ್ಕೆ. ಹೆಡ್ಡಿನಿಂದ ಸ್ವಲ್ಪ ಹೊರಗೆ ಉಳಿದಿದ್ದ ತುಂಡಿಗೆ ನಟ್ ಒಂದನ್ನು ವೆಲ್ಡ್ ಮಾಡಿ, ಆ ಶಾಖಕ್ಕೆ ತುಕ್ಕಿನ ಹಿಡಿತ ಸಡಿಲವಾದ ಮೇಲೆ, ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಆಡಿಸುತ್ತ ತೆಗೆದರು. ಅವಸರಪಟ್ಟು ಡ್ರಿಲ್ ಹಾಕಿ, ಅದು ಓರೆಯಾಗಿ ಇಳಿದಿದ್ದರೆ ಹೆಡ್ ಕೆಡುತ್ತಿತ್ತು. ಬಿಚ್ಚಿದ ಮ್ಯಾನಿಫೋಲ್ಡನ್ನು ಉಕ್ಕಿನ ನೇರಪಟ್ಟಿ ಮತ್ತು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ಪರೀಕ್ಷಿಸಿದಾಗ ಸೊಟ್ಟಗಾಗಿರುವುದು ತಿಳಿಯಿತು; ಅದನ್ನು ಲೇತ್ ಅಂಗಡಿಗೆ ಕಳಿಸಿ ಮೇಲ್ಮೈ ಸಮ ಮಾಡಿಸಿದರು. ನುಣುಪಾದ ಫರ್ಸಿಯ ಮೇಲೆ ಬೋರಲು ಇಟ್ಟು ‘ಸೀದಾ ಅದ’ ಎಂದು ಹೇಳಿಬಿಡುವ ಮಿಸ್ತ್ರಿಗಳೂ ನಮ್ಮ ಭಾಗದಲ್ಲಿ ಇದ್ದಾರೆ. ಮನೆಗೆ ಹಾಸುವ ಕಲ್ಲು ಎಷ್ಟೇ ಚೆನ್ನಾಗಿದ್ದರೂ ಅಳತೆಯ ಸಾಧನವಾಗುವುದಿಲ್ಲ.

ಕೈಯಲ್ಲಿ ಕತ್ತರಿಸಿದ ಹಾಳೆಯ ಪ್ಯಾಕಿಂಗ್ ಬೇಡವೆಂದು ಅವರೇ ಹೇಳಿ, ಪದರ ಪದರವಾದ ಉಕ್ಕಿನ ಪ್ಯಾಕಿಂಗ್ ತರಿಸಿದರು. ಸ್ಟಡ್‌ಗಳನ್ನೂ ನಟ್‌ಗಳನ್ನೂ ಎಲ್ಲವನ್ನೂ ಹೊಸದಾಗಿ ಹಾಕಿ, ನಡುವಿನಿಂದ ಎರಡೂ ತುದಿಗಳ ಕಡೆಗೆ, ಹಂತ ಹಂತವಾಗಿ, ಬಿಗಿಯ ಪ್ರಮಾಣ ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿ ಮಾಡಿದರು. ಹ್ಯಾಂಗರ್ ಮತ್ತು ಮೌಂಟ್ ಬದಲಾದವು. ಅಂಗಡಿಗಳಲ್ಲಿ ಸಿಗುವ ಸೈಲೆನ್ಸರ್ ಪೇಸ್ಟ್ ಸವರಿದರೆ ಸಾಲದೇ ಎಂದು ಕೇಳಿದ್ದಕ್ಕೆ, ಹಿಂದಿನ ಪೈಪಿನ ಸಣ್ಣ ತೂತಿಗೆ ಅದು ಕೆಲವು ಕಾಲ ನಡೆಯುತ್ತದೆ, ಭಾರ ಎಳೆಯುವಾಗ 600 ಡಿಗ್ರಿ ಸೆಲ್ಸಿಯಸ್ ದಾಟಬಲ್ಲ ಮ್ಯಾನಿಫೋಲ್ಡಿನ ಸಂದಿಗೆ ಅದು ಉಪಾಯವಲ್ಲ ಎಂದರು. ಆ ಮಾತು ಸರಿಯೆಂದೇ ನನ್ನ ಅಭಿಪ್ರಾಯ.

ಒಟ್ಟು ಖರ್ಚು, ಹೊಸ ಸೈಲೆನ್ಸರಿಗೆ ಮೊದಲಿನವರು ಹೇಳಿದ್ದ ಮೊತ್ತದ ಅರ್ಧಕ್ಕಿಂತ ಕಡಿಮೆಯಾಯಿತು. ಅದರಲ್ಲಿ ಸಾಮಾನಿಗಿಂತ ಕೂಲಿಯ ಪಾಲೇ ಹೆಚ್ಚು, ಆ ಕೂಲಿ ನ್ಯಾಯವಾದದ್ದೇ. ತೊಗರಿ ಸುಗ್ಗಿಯಲ್ಲಿ ಗಂಜ್‌ಗೆ (ಧಾನ್ಯದ ಮಾರುಕಟ್ಟೆಗೆ) ನಿಲ್ಲದೆ ಓಡಿದ ಮೇಲೂ ಟಕ್ ಟಕ್ ಸದ್ದು ಮರಳಿಲ್ಲ, ವಾಸನೆಯೂ ಇಲ್ಲ. ವಾಸನೆ ಹೋದದ್ದು ಸಣ್ಣ ವಿಷಯವಲ್ಲ, ಅದು ಬರುತ್ತಿದ್ದರೆ ಕ್ಯಾಬಿನ್ನಿಗೆ ಹೊಗೆ ನುಗ್ಗುತ್ತಿದೆ ಎಂದೇ ಅರ್ಥ: ಆ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ಮಾತ್ರ ತನ್ನದೇ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಅದರ ಪ್ರಮಾಣ ಪೆಟ್ರೋಲಿಗಿಂತ ಕಡಿಮೆಯಾದರೂ, ಚಳಿಗಾಲದಲ್ಲಿ ಗಾಜು ಏರಿಸಿಕೊಂಡು ರಾತ್ರಿಯಿಡೀ ಓಡಿಸುವವರು ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಕೊರತೆಗಳೂ ಇವೆ. ಅಂದಾಜು ಪಟ್ಟಿಯನ್ನು ಬರೆದು ಕೊಡುವುದಿಲ್ಲ, ಕೂಲಿಗೆ ರಸೀದಿ ಕೇಳಿದರೆ ಮುಖ ನೋಡುತ್ತಾರೆ. ಹೇಳಿದ ಸಮಯಕ್ಕೆ ಗಾಡಿ ಸಿಗುವುದಿಲ್ಲ. ಕೂರಲು ನೆರಳಿಲ್ಲದಿರುವುದು ಕಲಬುರಗಿಯ ಮೇ ತಿಂಗಳಲ್ಲಿ ದೊಡ್ಡ ಕೊರತೆಯೇ. ಸ್ಕ್ಯಾನರ್ ಇಲ್ಲದ ಕಾರಣ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಮತ್ತು ಅದರ ಸೆನ್ಸರ್‌ಗಳಿರುವ ಬಿಎಸ್6 ಗಾಡಿಗಳ ಆ ಭಾಗದ ಕೆಲಸವನ್ನು ಇವರು ಒಪ್ಪಿಕೊಳ್ಳುವುದಿಲ್ಲ, ಕಂಪನಿ ಸರ್ವಿಸ್‌ಗೇ ಹೋಗಿ ಎನ್ನುತ್ತಾರೆ. ವಾರಂಟಿ ಉಳಿದಿರುವ ಗಾಡಿಯವರೂ ಹಾಗೆಯೇ ಮಾಡುವುದು ಒಳ್ಳೆಯದು.

ಹೋಗುವವರು ಹಿಂದಿನ ಸಂಜೆಯೇ ಗಾಡಿ ಬಿಟ್ಟು ಬರಬೇಕು. ಹಗಲು ಓಡಿಸಿಕೊಂಡು ಹೋದರೆ ಎಂಜಿನ್ ತಣಿಯುವ ತನಕ ಅವರು ಮುಟ್ಟುವುದಿಲ್ಲ. ಹೊಳೆಯುವಂತೆ ಮಾಡಿಸಿಕೊಂಡು ಹೋಗೋಣವೆಂದು ದಾರಿಯಲ್ಲಿ ವಾಷಿಂಗ್ ಮಾಡಿಸುವುದೂ ಬೇಡ: ಕಾದ ಮ್ಯಾನಿಫೋಲ್ಡ್ ಮೇಲೆ ತಣ್ಣೀರು ಬಿದ್ದರೆ ಎರಕದ ಕಬ್ಬಿಣ ಬಿರುಕು ಬಿಡಬಹುದು, ಜೊತೆಗೆ ಸೋರಿಕೆಯ ಜಾಗ ತೋರಿಸಬೇಕಾದ ಮಸಿಯ ಗೆರೆಯೂ ತೊಳೆದು ಹೋಗುತ್ತದೆ.