ದಿಶಾಂಕ್ ಆ್ಯಪ್: ಬಳ್ಳಾರಿಯಲ್ಲಿ ಸೈಟ್ ನೋಡುವವರಿಗೆ ಎಷ್ಟು ಉಪಯೋಗ?

ಮೋಕಾ ರಸ್ತೆ, ಸಿರುಗುಪ್ಪ ರಸ್ತೆ, ಹೊಸಪೇಟೆ ರಸ್ತೆ, ಬಳ್ಳಾರಿಯಿಂದ ಯಾವ ದಿಕ್ಕಿಗೆ ಹೊರಟರೂ ಹೊಲದ ನಡುವೆ ಕಲ್ಲು ನೆಟ್ಟು ಸೈಟ್ ಮಾರುವವರಿದ್ದಾರೆ. ಮುಂಗಡ ಕೊಡುವ ಮೊದಲು ಆ ಜಾಗದಲ್ಲೇ ನಿಂತು ದಿಶಾಂಕ್ ತೆರೆಯಿರಿ. ನೀವು ನಿಂತಿರುವುದು ಯಾವ ಊರಿನ ಯಾವ ಸರ್ವೆ ನಂಬರಿನಲ್ಲಿ ಎಂದು ತೋರಿಸುವ ಉಚಿತ ಸರ್ಕಾರಿ ಆ್ಯಪ್ ಇದು. ಆ ಒಂದು ಕೆಲಸಕ್ಕೆ ಪೂರ್ಣ ಅಂಕ ಕೊಡಬಹುದು. ಅಲ್ಲಿ ಮನೆ ಕಟ್ಟಬಹುದೇ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ನೋಡಬೇಕಾದ್ದು ಬುಡಾದ (ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರ) ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್ ನಕ್ಷೆ.

ಲೊಕೇಶನ್ ಆನ್ ಮಾಡಿ, ನಕ್ಷೆಯ ಮೇಲೆ ಒತ್ತಿದರೆ ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಬರುತ್ತದೆ. ಹೆಚ್ಚಿನ ವಿವರಕ್ಕೆ ಹೋಗಿ ಹಿಸ್ಸಾ (ಸರ್ವೆ ನಂಬರಿನೊಳಗಿನ ಭಾಗ) ಆರಿಸಿದರೆ ಮಾಲೀಕರ ಹೆಸರು. ಇದನ್ನು ಮಾರುವವರು ಕೊಟ್ಟ ಪಹಣಿಯ ಜೊತೆ ತಾಳೆ ನೋಡಿ. ರಸ್ತೆ ಪಕ್ಕದ ಜಾಗ ತೋರಿಸಿ ಅದರ ಹಿಂಭಾಗದ ಜಾಗದ ಸರ್ವೆ ನಂಬರ್ ಬರೆದುಕೊಡುವ ಮೋಸ ಇಲ್ಲೇ ಬಯಲಾಗುತ್ತದೆ.

ಗಡಿ ಗುರುತಿಸಲು ಮಾತ್ರ ಇದನ್ನು ನಂಬಬೇಡಿ. ಬಯಲಿನಲ್ಲೂ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ಆಗುತ್ತದೆ. 30 ಅಡಿ ಅಗಲದ ಸೈಟ್ ಇರುವುದೇ 9 ಮೀಟರ್. ಜೊತೆಗೆ, ಹಳೆಯ ಗ್ರಾಮ ನಕ್ಷೆಗಳನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿರುವುದರಿಂದ ಕೆಲವೆಡೆ ಗೆರೆಗಳೇ ಸರಿದಿರುತ್ತವೆ. ಹೊಲದ ಬದು ಒಂದು ಕಡೆ, ಪರದೆಯ ಗೆರೆ ಇನ್ನೊಂದು ಕಡೆ ಕಂಡರೆ ಪಕ್ಕದ ನಾಲ್ಕೈದು ಸರ್ವೆ ನಂಬರುಗಳನ್ನೂ ನೋಡಿ: ಎಲ್ಲವೂ ಒಂದೇ ದಿಕ್ಕಿಗೆ ಅಷ್ಟೇ ಸರಿದಿದ್ದರೆ ತಪ್ಪು ನಕ್ಷೆಯದು, ಒಂದೇ ಸರಿದಿದ್ದರೆ ಒತ್ತುವರಿಯ ಅನುಮಾನ. ಎರಡರಲ್ಲೂ ಕೊನೆಯ ಮಾತು ಸರ್ವೆಯರ್ ಗಡಿ ಅಳೆದು ಗುರುತಿಸುವ ಹದ್ದುಬಸ್ತಿನದೇ. ಬ್ರೂಸ್‌ಪೇಟೆ, ಕೌಲ್‌ಬಜಾರಿನಂಥ ಹಳೇ ಊರಿನೊಳಗೆ ಈ ಆ್ಯಪಿನಿಂದ ಹೆಚ್ಚು ಪ್ರಯೋಜನವಿಲ್ಲ, ಅಲ್ಲಿ ಪಾಲಿಕೆಯ ಖಾತೆ ನೋಡಬೇಕು.

ಸರ್ವೆ ನಂಬರ್ ಖಚಿತವಾದ ಮೇಲೆ ಮಹಾಯೋಜನೆ. ಅದರ ನಕ್ಷೆಯ ಬಣ್ಣಗಳು ಹೀಗೆ: ಹಳದಿ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ ಬಳಕೆ, ಹಸಿರು ಉದ್ಯಾನ. ಜೀನ್ಸ್ ತೊಳೆಯುವ ಘಟಕಗಳಿರುವ ನಮ್ಮ ಊರಿನಲ್ಲಿ ನಿಮ್ಮ ಹಳದಿಯ ಪಕ್ಕ ನೇರಳೆ ಎಲ್ಲಿ ಶುರುವಾಗುತ್ತದೆ ಎಂಬುದನ್ನೂ ನೋಡಲೇಬೇಕು, ಬೋರ್‌ವೆಲ್ ನೀರಿನ ಪ್ರಶ್ನೆ ಅದು.

ವಾಟ್ಸಾಪಿನಲ್ಲಿ ಬಂದ ನಕ್ಷೆಯ ಫೋಟೊ ನೋಡಿ ತೀರ್ಮಾನಿಸಬೇಡಿ. ಕೇಂದ್ರದ ನಗರಾಭಿವೃದ್ಧಿ ಯೋಜನೆಯಾದ ಅಮೃತ್‌ನಡಿ ಜಿಐಎಸ್ (ಕಂಪ್ಯೂಟರ್ ನಕ್ಷೆ) ಆಧಾರದಲ್ಲಿ ಮಾಡುವ ಮಹಾಯೋಜನೆಗಳಿಗೆ ನಿಗದಿಯಾದ ಅಳತೆ 1:4000, ಅಂದರೆ ನಕ್ಷೆಯ 1 ಮಿ.ಮೀ. ನೆಲದ ಮೇಲೆ 4 ಮೀಟರ್. 30x40 ಅಡಿಯ ಸೈಟ್ ಅಲ್ಲಿ ಎರಡೂಕಾಲು ಮಿ.ಮೀ. ಅಗಲ, ಮೂರು ಮಿ.ಮೀ. ಉದ್ದ. ಉದ್ದೇಶಿತ ರಸ್ತೆಯ ಗೆರೆ ಪೆನ್ನಿನ ಮೊನೆಯಷ್ಟು ಜರುಗಿದರೆ ಅರ್ಧ ಸೈಟ್ ರಸ್ತೆಯಲ್ಲಿರುತ್ತದೆ. ಪಹಣಿ ಮತ್ತು ಸರ್ವೆ ನಕ್ಷೆ ಲಗತ್ತಿಸಿ ಬುಡಾಕ್ಕೆ ಅರ್ಜಿ ಕೊಟ್ಟು, ಭೂಬಳಕೆ ಏನೆಂದು ಬರಹದಲ್ಲೇ ಪಡೆಯಿರಿ.

ಮಾರುವವರು "ಹೊಸ ಪ್ಲಾನಿನಲ್ಲಿ ಹಳದಿ ಬಂದಿದೆ" ಎಂದರೆ ಆ ಪ್ಲಾನಿಗೆ ಅಂತಿಮ ಅನುಮೋದನೆ ಸಿಕ್ಕಿದೆಯೇ ಎಂದು ಕೇಳಿ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ತಾತ್ಕಾಲಿಕ ಅನುಮೋದನೆಯ ಬಳಿಕ ಜನರ ಆಕ್ಷೇಪಣೆಗೆ 60 ದಿನ ಇರುತ್ತದೆ, ಆ ಹಂತದಲ್ಲಿ ಬಣ್ಣ ಬದಲಾಗಬಹುದು. ಬಣ್ಣ ಹಳದಿಯೇ ಆದರೂ ಬುಡಾದ ಲೇಔಟ್ ಮಂಜೂರಾತಿ ಬೇಕು, ಎನ್‌ಎ (ಕೃಷಿಯೇತರ ಬಳಕೆಯ) ಆದೇಶ ಬೇಕೇ ಎಂಬುದನ್ನೂ ಕಚೇರಿಯಲ್ಲಿ ಕೇಳಿ. ಮಂಜೂರಾದ ನಕ್ಷೆಯ ಪ್ರತಿಯನ್ನು ಕಚೇರಿಯಿಂದಲೇ ತೆಗೆಸಿ, ಪಾರ್ಕ್ ಮತ್ತು ಸಿಎ (ನಾಗರಿಕ ಸೌಲಭ್ಯದ) ಜಾಗ ಎಲ್ಲಿದೆ ನೋಡಿ. ಅವಕ್ಕೂ ಸೈಟ್ ನಂಬರ್ ಕೊಟ್ಟು ಮಾರುವವರಿದ್ದಾರೆ.

ಅಳತೆಯ ಲೆಕ್ಕ ಮರೆಯಬೇಡಿ. ನಮ್ಮ ಕಡೆ ಮಾತು ಸೆಂಟ್ಸಿನಲ್ಲಿ ನಡೆಯುತ್ತದೆ: ಎಕರೆಗೆ 100 ಸೆಂಟ್ಸ್, ಒಂದಕ್ಕೆ 435.6 ಚದರ ಅಡಿ. ಗುಂಟೆ ಎಕರೆಗೆ 40, ಒಂದಕ್ಕೆ 1,089 ಚದರ ಅಡಿ. ಪತ್ರದಲ್ಲಿ ಚದರ ಅಡಿಯನ್ನೇ ಬರೆಸಿ.